ಕಾರಿನೊಳಗಿನ ಹಠಮಾರಿ ಕಲೆಗಳು: ಸೀಟಿನಿಂದ ಚಾವಣಿಯವರೆಗೆ ತೆಗೆಯುವ ಬಗೆ

ಸೀಟಿನ ಮೇಲೆ ಏನಾದರೂ ಚೆಲ್ಲಿದರೆ ನಮ್ಮ ಕೈ ತಾನಾಗಿ ಮಾಡುವ ಕೆಲಸ ಎರಡು. ಒಂದು, ಜೋರಾಗಿ ಉಜ್ಜುವುದು. ಇನ್ನೊಂದು, ಬಾಟಲಿ ತೆಗೆದು ನೀರು ಸುರಿಯುವುದು. ಎರಡೂ ಬೇಡ. ಉಜ್ಜಿದರೆ ಕಲೆ ನೂಲಿನ ಒಳಕ್ಕೆ ಹೋಗುತ್ತದೆ, ಅಗಲಕ್ಕೂ ಹರಡುತ್ತದೆ. ನೀರು ಸುರಿದರೆ ಅದು ಬಟ್ಟೆಯನ್ನು ದಾಟಿ ಕೆಳಗಿನ ಫೋಮಿಗೆ ಇಳಿಯುತ್ತದೆ, ಹೋಗುವಾಗ ಕಲೆಯನ್ನೂ ಎಳೆದುಕೊಂಡು ಹೋಗುತ್ತದೆ. ತೊಟ್ಟ ಅಂಗಿಯನ್ನಾದರೆ ಬಿಚ್ಚಿ, ತೊಳೆದು, ಹಿಂಡಿ ಒಣಹಾಕಬಹುದು. ಸೀಟನ್ನು ಹಿಂಡಲು ಆಗುವುದಿಲ್ಲ ಅಲ್ವಾ? ಕಾರಿನ ಒಳಗೆ ಶುಚಿ ಮಾಡುವಾಗಿನ ಕಷ್ಟವೆಲ್ಲ ಇರುವುದು ಇಲ್ಲೇ. ನೀರು, ಸೋಪು, ಕೆಮಿಕಲ್, ಏನು ಹಾಕಿದರೂ ಅದನ್ನು ನಾವೇ ವಾಪಸ್ ಹೊರಗೆ ತೆಗೆಯಬೇಕು. ಕೆಳಗಿನ ಹಂತಗಳಲ್ಲಿ ಅರ್ಧಕ್ಕರ್ಧ ಇದೇ ಕೆಲಸ.

## ಮೊದಲು ನೋಡಬೇಕಾದ್ದು: ಇದು ಯಾವುದರ ಕಲೆ?

ಒಂದು ಕಲೆಯನ್ನು ಬಿಡಿಸುವ ಮದ್ದು ಇನ್ನೊಂದನ್ನು ಕಾಯಂ ಮಾಡಿಬಿಡಬಹುದು. ಹಾಗಾಗಿ ಬ್ರಷ್ ಹಿಡಿಯುವ ಮೊದಲು ಒಂದು ನಿಮಿಷ ಯೋಚಿಸಿ.

ಹಾಲು, ರಕ್ತ, ಮೊಟ್ಟೆ, ವಾಂತಿ, ಇವು ಪ್ರೋಟೀನ್ ಕಲೆಗಳು. ಇವಕ್ಕೆ ತಣ್ಣೀರೇ ಸರಿ. ಮೊಟ್ಟೆ ಬಿಸಿಗೆ ಗಟ್ಟಿಯಾಗುವ ಹಾಗೆ ಈ ಕಲೆಗಳೂ ಬಿಸಿನೀರು ತಾಗಿದರೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತವೆ. ಸ್ಟೀಮ್ ಯಂತ್ರವನ್ನು ಇವುಗಳ ಹತ್ತಿರ ತರಲೇಬೇಡಿ.

ಕಾಫಿ, ಟೀ, ಹಣ್ಣಿನ ರಸ, ಕೆಂಪು ವೈನ್ ಬಿಡುವುದು ಟ್ಯಾನಿನ್ ಕಲೆ. ಟ್ಯಾನಿನ್ ಅಂದರೆ ಗಿಡಗಳಲ್ಲಿರುವ ಒಗರು ಅಂಶ. ಇದಕ್ಕೆ ವಿನೆಗರಿನಂಥ ಹಗುರ ಹುಳಿ ಒಗ್ಗುತ್ತದೆ. ಸೋಪಿನ ಬಿಲ್ಲೆ ಒಗ್ಗುವುದಿಲ್ಲ. ನಿಜವಾದ ಸಾಬೂನು ಟ್ಯಾನಿನ್ ಕಲೆಯನ್ನು ಇನ್ನಷ್ಟು ಕೂರಿಸುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಸಾಬೂನಲ್ಲ, ಡಿಟರ್ಜೆಂಟ್. ಅದನ್ನು ಧೈರ್ಯವಾಗಿ ಬಳಸಬಹುದು.

ಗ್ರೀಸ್, ಅಡುಗೆ ಎಣ್ಣೆ, ಲಿಪ್‌ಸ್ಟಿಕ್, ಸನ್‌ಸ್ಕ್ರೀನ್, ಹೆಡ್‌ರೆಸ್ಟಿನ ಮೇಲಿನ ತಲೆಜಿಡ್ಡು, ಇವು ಎಣ್ಣೆ ಜಾತಿಯವು. ಬರೀ ನೀರಿಗೆ ಜಗ್ಗುವುದಿಲ್ಲ. ಪೆನ್ನಿನ ಇಂಕು ಮತ್ತು ಜೀನ್ಸ್ ಬಿಟ್ಟ ನೀಲಿ, ಇವು ಬಣ್ಣದ ಕಲೆಗಳು. ಹಠಮಾರಿಗಳಲ್ಲಿ ಇವೇ ಮೊದಲು. ಕೆಸರಿನ ಕಥೆ ಎಲ್ಲಕ್ಕಿಂತ ಸುಲಭ: ಸುಮ್ನೆ ಒಣಗಲು ಬಿಡಿ. ಒಣಗಿದ ಮೇಲೆ ಬ್ರಷ್ಷಿನಿಂದ ಉದುರಿಸಿ ವ್ಯಾಕ್ಯೂಮ್ ಹಿಡಿದರೆ ಮುಕ್ಕಾಲು ಭಾಗ ಹೋಗುತ್ತದೆ. ಹಸಿ ಕೆಸರನ್ನು ಒರೆಸಲು ಹೋದರೆ ಮಾತ್ರ ಕೆಲಸ ಕೆಡುತ್ತದೆ.

ಹಳೆ ಕಾರು ಕೊಂಡವರಿಗೆ ಯಾವ ಕಲೆ ಎಂದೇ ಗೊತ್ತಿರುವುದಿಲ್ಲ. ಆಗ ಈ ಸಾಲಿನಲ್ಲಿ ಹೋಗಿ: ಮೊದಲು ತಣ್ಣೀರು, ಆಮೇಲೆ ಲಿಕ್ವಿಡ್ ಬೆರೆಸಿದ ನೀರು, ಆಮೇಲೆ ವಿನೆಗರ್, ಕೊನೆಗೆ ಆಲ್ಕೋಹಾಲ್. ಒಂದರಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬರೀ ನೀರಿನ ಬಟ್ಟೆಯಿಂದ ಒರೆಸಿ. ಸೌಮ್ಯದಿಂದ ಖಡಕ್ಕಿಗೆ ಹೋಗಬಹುದು. ಮೊದಲೇ ಖಡಕ್ ಹಾಕಿ ಬಣ್ಣ ಹೋದರೆ ಅದನ್ನು ತರಲು ಆಗುವುದಿಲ್ಲ.

## ಬೇಕಾಗುವ ಸಾಮಾನು

ಕಾರಿಗೆಂದೇ ಮಾರುವ ಹತ್ತು ಬಗೆಯ ಬಾಟಲಿಗಳು ಬೇಕಿಲ್ಲ. ನನ್ನ ಲೆಕ್ಕದಲ್ಲಿ ಕೊಳ್ಳಲೇಬೇಕಾದ ರೆಡಿ ಬಾಟಲಿ ಎರಡೇ: ಎನ್‌ಜೈಮ್ ಕ್ಲೀನರ್ (ಪ್ರೋಟೀನ್ ಕಲೆಯನ್ನು ಚೂರು ಮಾಡುವಂಥದ್ದು) ಮತ್ತು ಲೆದರ್ ಸೀಟಿದ್ದರೆ ಲೆದರ್ ಕ್ಲೀನರ್. ಉಳಿದದ್ದು ಹೀಗೆ:

- ಬಿಳಿ ಬಣ್ಣದ ಹತ್ತಿ ಟವೆಲ್ ಅಥವಾ ಮೈಕ್ರೋಫೈಬರ್ ಬಟ್ಟೆಗಳು, ಏಳೆಂಟು. ಬಿಳಿಯೇ ಯಾಕೆ ಅಂದರೆ, ಕಲೆ ಬಿಡುತ್ತಿದೆಯೋ ಅಥವಾ ಸೀಟಿನ ಬಣ್ಣವೇ ಬಿಡುತ್ತಿದೆಯೋ ಎಂಬುದು ಅದರಲ್ಲಿ ಕಾಣುತ್ತದೆ
- ಮೆತ್ತನೆ ಕೂದಲಿನ ಬ್ರಷ್. ಹಳೆ ಟೂತ್‌ಬ್ರಷ್ ಸಾಕು
- ವ್ಯಾಕ್ಯೂಮ್ ಕ್ಲೀನರ್. ನೀರನ್ನೂ ಎಳೆಯುವಂಥದ್ದು ಸಿಕ್ಕರೆ ಒಳ್ಳೆಯದು
- ಪಾತ್ರೆ ತೊಳೆಯುವ ಲಿಕ್ವಿಡ್: 1 ಲೀಟರ್ ನೀರಿಗೆ 1 ಟೀ ಚಮಚ, ಅದಕ್ಕಿಂತ ಜಾಸ್ತಿ ಬೇಡ
- ಬಿಳಿ ವಿನೆಗರ್: 1 ಪಾಲಿಗೆ 2 ಪಾಲು ನೀರು
- ಐಸೊಪ್ರೊಪೈಲ್ ಆಲ್ಕೋಹಾಲ್, ಶೇ 70ರದ್ದು
- ಹೈಡ್ರೋಜನ್ ಪೆರಾಕ್ಸೈಡ್, ಶೇ 3ರದ್ದು ಮಾತ್ರ
- ಅಡುಗೆ ಸೋಡಾ

ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದು ನೊರೆ ಎಬ್ಬಿಸುವ ವಿಡಿಯೊಗಳು ಬೇಕಾದಷ್ಟಿವೆ. ನೋಡಲು ಚೆಂದ, ಅಷ್ಟೇ. ಒಂದು ಕ್ಷಾರ, ಇನ್ನೊಂದು ಹುಳಿ. ಎರಡೂ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ಕೊಲ್ಲುತ್ತದೆ. ಬೇರೆ ಬೇರೆಯಾಗಿ ಬಳಸಿದರೆ ಎರಡೂ ಉಪಯೋಗಕ್ಕೆ ಬರುತ್ತವೆ.

## ಶುರು ಮಾಡುವ ಮುಂಚೆ ಎಚ್ಚರ

ಕಾರನ್ನು ನೆರಳಲ್ಲಿ ನಿಲ್ಲಿಸಿ, ಇಗ್ನಿಶನ್ ಆಫ್ ಮಾಡಿ, ಬಾಗಿಲು ಎಲ್ಲ ತೆರೆದಿಡಿ. ಮುಚ್ಚಿದ ಕಾರಿನಲ್ಲಿ ಕೂತು ಆಲ್ಕೋಹಾಲ್ ಬಳಸಿದರೆ ತಲೆ ಸುತ್ತುತ್ತದೆ. ಅದು ಬೇಗ ಬೆಂಕಿ ಹಿಡಿಯುವ ವಸ್ತು ಕೂಡ. ಹತ್ತಿರದಲ್ಲಿ ಸಿಗರೇಟು, ಕಡ್ಡಿ ಇರಬಾರದು.

ಕ್ಲೋರಿನ್ ಬ್ಲೀಚ್ ಅನ್ನು ಕಾರಿನ ಒಳಗೆ ತರುವುದೇ ಬೇಡ. ವಿನೆಗರ್ ಜೊತೆ ಸೇರಿದರೆ ಅದರಿಂದ ಕ್ಲೋರಿನ್ ಅನಿಲ ಬರುತ್ತದೆ, ಅಮೋನಿಯಾ ಜೊತೆ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶಕ್ಕೆ ವಿಷ. ಪೆರಾಕ್ಸೈಡ್ ಮತ್ತು ವಿನೆಗರನ್ನೂ ಒಂದೇ ಬಾಟಲಿಯಲ್ಲಿ ಬೆರೆಸಬೇಡಿ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಈಗಿನ ಸೀಟಿನ ಒಳಗೆ ಬರೀ ಫೋಮ್ ಇರುವುದಿಲ್ಲ. ಪಕ್ಕದಲ್ಲಿ ಏರ್‌ಬ್ಯಾಗ್ ಇರಬಹುದು, ಕೂತವರ ಭಾರ ಗುರುತಿಸುವ ಸೆನ್ಸರ್ ಇರಬಹುದು, ಬಿಸಿ ಮಾಡುವ ತಂತಿಯೂ ಇರಬಹುದು. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು, ಅದಕ್ಕೆ ಕೈ ಹಾಕಬೇಡಿ. ನೀರು ಕಮ್ಮಿ ಬಳಸಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಕೊನೆಯದಾಗಿ, ಕಣ್ಣಿಗೆ ಕಾಣದ ಮೂಲೆಯಲ್ಲಿ ಪರೀಕ್ಷೆ. ಸೀಟಿನ ಹಿಂಭಾಗ ಅಥವಾ ಕೆಳ ಅಂಚಿನಲ್ಲಿ ನಿಮ್ಮ ದ್ರಾವಣದ ಎರಡು ಹನಿ ಹಾಕಿ, ಬಿಳಿ ಬಟ್ಟೆ ಒತ್ತಿ ನೋಡಿ. ಪೂರ್ತಿ ಒಣಗಿದ ಮೇಲೆ ಇನ್ನೊಮ್ಮೆ ನೋಡಿ. ಹಸಿಯಿದ್ದಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

## ಬಟ್ಟೆ ಸೀಟು ಮತ್ತು ಕಾರ್ಪೆಟ್

ಹೆಚ್ಚು ಕಲೆ ಬೀಳುವುದು ಇಲ್ಲೇ, ಹೆಚ್ಚು ಕೆಡುವುದೂ ಇಲ್ಲೇ.

1. ಮೊದಲು ವ್ಯಾಕ್ಯೂಮ್. ಒಣ ಧೂಳನ್ನು ತೆಗೆಯದೆ ನೀರು ಹಾಕಿದರೆ ಅದೇ ಕೆಸರಾಗುತ್ತದೆ. ಹೊಲಿಗೆ ಸಂದಿಗಳನ್ನು ಬಿಡಬೇಡಿ.

2. ಹೊಸ ಕಲೆಯಾದರೆ ಒಣ ಬಟ್ಟೆಯನ್ನು ಅದರ ಮೇಲಿಟ್ಟು ಒತ್ತಿ. ಅಂಗೈ ಭಾರ ಹಾಕಿ ಒತ್ತಿ, ಎತ್ತಿ, ಬಟ್ಟೆಯ ಒಣ ಭಾಗಕ್ಕೆ ತಿರುಗಿಸಿ, ಮತ್ತೆ ಒತ್ತಿ. ಬಟ್ಟೆಗೆ ಏನೂ ಹತ್ತದವರೆಗೂ ಇದನ್ನೇ ಮಾಡಿ. ಗಟ್ಟಿ ಪದಾರ್ಥವಿದ್ದರೆ ಚಮಚದ ಅಂಚಿನಿಂದ ಹೊರಗಿನಿಂದ ಒಳಕ್ಕೆ ಬಾಚಿ ತೆಗೆಯಿರಿ.

3. ದ್ರಾವಣವನ್ನು ಸೀಟಿನ ಮೇಲೆ ಸುರಿಯಬೇಡಿ. ಬಟ್ಟೆಗೆ ಅಥವಾ ಬ್ರಷ್ಷಿಗೆ ಹಾಕಿ. ಇನ್ನೂ ಒಳ್ಳೆಯದೆಂದರೆ ಬರೀ ನೊರೆ. ಲಿಕ್ವಿಡ್ ನೀರನ್ನು ಬಟ್ಟಲಲ್ಲಿ ಚೆನ್ನಾಗಿ ಕಡೆದು, ಮೇಲೆ ಬಂದ ನೊರೆಯನ್ನಷ್ಟೇ ಬ್ರಷ್ಷಿನಲ್ಲಿ ತೆಗೆದುಕೊಳ್ಳಿ. ನೊರೆಯಲ್ಲಿ ಶುಚಿ ಮಾಡುವ ಶಕ್ತಿ ಇರುತ್ತದೆ, ನೀರು ಕಮ್ಮಿ ಇರುತ್ತದೆ.

4. ಕಲೆಯ ಹೊರ ಅಂಚಿನಿಂದ ನಡುವಿಗೆ ಬನ್ನಿ. ನಡುವಿನಿಂದ ಹೊರಗೆ ಹೋದರೆ ಕಲೆ ದೊಡ್ಡದಾಗುತ್ತದೆ. ಬ್ರಷ್ಷನ್ನು ಹಗುರವಾಗಿ ಆಡಿಸಿ. ನೂಲು ಎದ್ದು ನಿಂತರೆ ಜೋರಾಯಿತು ಎಂದರ್ಥ.

5. ಐದು ನಿಮಿಷ ಬಿಡಿ. ಬಹಳ ಜನ ಈ ಹಂತವನ್ನು ಹಾರಿಸುತ್ತಾರೆ. ಕೆಮಿಕಲ್‌ಗೆ ಸಮಯ ಕೊಟ್ಟಷ್ಟೂ ಕೈಗೆ ಕೆಲಸ ಕಮ್ಮಿ. ಆದರೆ ಒಣಗಲು ಮಾತ್ರ ಬಿಡಬೇಡಿ.

6. ಒಣ ಬಟ್ಟೆಯಿಂದ ಒತ್ತಿ ಹೀರಿಸಿ. ಬೇಕಿದ್ದರೆ 3ರಿಂದ 5ನೇ ಹಂತವನ್ನು ಮತ್ತೆ ಮಾಡಿ. ಒಂದೇ ಸಲ ಗುದ್ದಾಡುವುದಕ್ಕಿಂತ ಎರಡು ಮೂರು ಸುತ್ತು ಹಗುರವಾಗಿ ಹೋಗುವುದು ಮೇಲು.

7. ಈಗ ಬರೀ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒತ್ತಿ, ಲಿಕ್ವಿಡ್ ಅಂಶ ತೆಗೆಯಿರಿ. ಉಳಿದ ಲಿಕ್ವಿಡ್ ಅಂಟಂಟಾಗಿರುತ್ತದೆ. ಧೂಳನ್ನು ಎಳೆದುಕೊಳ್ಳುತ್ತದೆ. ತೊಳೆದ ಜಾಗವೇ ಕೆಲವು ದಿನಕ್ಕೆ ಬೇರೆ ಕಡೆಗಿಂತ ಕೊಳೆಯಾಗಿ ಕಾಣುವುದು ಈ ಕಾರಣಕ್ಕೆ.

8. ಕೊನೆಗೆ ಒಣ ಟವೆಲ್ ಅಥವಾ ನೀರೆಳೆಯುವ ವ್ಯಾಕ್ಯೂಮ್.

ಕಲೆ ಹೋದರೂ ಅದರ ಸುತ್ತ ಒಂದು ಉಂಗುರ ಉಳಿಯಬಹುದು. ಒಂದು ಕಡೆ ಮಾತ್ರ ಒದ್ದೆ ಮಾಡಿದರೆ ಅಂಚಿನಲ್ಲಿ ಕೊಳೆ ಬಂದು ನಿಲ್ಲುತ್ತದೆ. ಆಗ ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆಯವರೆಗೆ ಇಡೀ ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಸಮವಾಗಿ ಒರೆಸಿ ಒಣಗಿಸಿ.

### ಹೋದ ಕಲೆ ಮರುದಿನ ಮತ್ತೆ ಬಂದರೆ

ಸಂಜೆ ನೋಡಿದರೆ ಸೀಟು ಫಳಫಳ, ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಕಲೆ. ಅದು ಹೊಸದಲ್ಲ, ಫೋಮಿನಲ್ಲಿ ಇಳಿದು ಕೂತಿದ್ದದ್ದು. ಮೇಲ್ಭಾಗ ಒಣಗುತ್ತಾ ಹೋದ ಹಾಗೆ ಕೆಳಗಿನ ನೀರು ನೂಲನ್ನು ಹಿಡಿದು ಮೇಲೆ ಏರುತ್ತದೆ, ಕೊಳೆಯನ್ನೂ ಹೊತ್ತು ತರುತ್ತದೆ. ನೀರು ಆರಿಹೋಗುತ್ತದೆ, ಕೊಳೆ ಮೇಲೆ ಉಳಿಯುತ್ತದೆ.

ಈ ಏರುವ ಗುಣವನ್ನೇ ನಮ್ಮ ಕೆಲಸಕ್ಕೆ ಬಳಸಿಕೊಳ್ಳಬಹುದು. ಜಾಗವನ್ನು ಸ್ವಲ್ಪ ನೀರಿನಿಂದ ಮತ್ತೆ ಹಸಿ ಮಾಡಿ. ಮೇಲೆ ಬಿಳಿ ಒಣ ಟವೆಲನ್ನು ನಾಲ್ಕು ಮಡಿಕೆ ಮಾಡಿ ಇಡಿ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಭಾರದ ವಸ್ತು. ರಾತ್ರಿಯಿಡೀ ಬಿಡಿ. ಏರಿ ಬರುವ ಕೊಳೆ ಸೀಟಿನ ಬಟ್ಟೆಯ ಬದಲು ಟವೆಲಿಗೆ ಹತ್ತುತ್ತದೆ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ತಾಳ್ಮೆ ಬೇಕು.

### ಕಲೆಗೆ ತಕ್ಕ ದಾರಿ

ಹಾಲು ಹಾಕಿದ ಕಾಫಿಯಲ್ಲಿ ಪ್ರೋಟೀನ್, ಕೊಬ್ಬು, ಟ್ಯಾನಿನ್ ಮೂರೂ ಇವೆ. ತಣ್ಣನೆಯ ಲಿಕ್ವಿಡ್ ನೀರಿನಿಂದ ಶುರು ಮಾಡಿ ಹಾಲಿನ ಅಂಶ ತೆಗೆಯಿರಿ. ಉಳಿದ ಕಂದು ಬಣ್ಣಕ್ಕೆ ವಿನೆಗರ್ ನೀರು. ಅದಕ್ಕೂ ಬಗ್ಗದಿದ್ದರೆ, ನೀರಿನಿಂದ ಚೆನ್ನಾಗಿ ಒರೆಸಿದ ಮೇಲೆ ಪೆರಾಕ್ಸೈಡ್. ಅದು ಬಣ್ಣವನ್ನೂ ತಿಳಿಯಾಗಿಸಬಲ್ಲದು, ಕಡುಬಣ್ಣದ ಸೀಟಿಗೆ ಹಾಕುವಾಗ ಪರೀಕ್ಷೆ ಮರೆಯಬೇಡಿ.

ರಕ್ತಕ್ಕೆ ಮೊದಲು ತಣ್ಣೀರು, ಎಷ್ಟು ಸಲ ಬೇಕಾದರೂ. ಉಳಿದದ್ದಕ್ಕೆ ಪೆರಾಕ್ಸೈಡ್ ಹನಿಸಿ. ರಕ್ತ ತಾಗಿದ ಕೂಡಲೇ ಅದು ನೊರೆ ಕಟ್ಟುತ್ತದೆ. ನೊರೆಯನ್ನು ಒತ್ತಿ ತೆಗೆದು, ಮತ್ತೆ ಹನಿಸಿ. ನೊರೆ ನಿಂತಾಗ ತಣ್ಣೀರಿನಿಂದ ಒರೆಸಿ.

ಚೆಲ್ಲಿದ ಹಾಲು, ವಾಂತಿ, ಮೂತ್ರ, ಇವುಗಳಲ್ಲಿ ಕಲೆಗಿಂತ ವಾಸನೆ ದೊಡ್ಡ ಕಾಟ. ಫೋಮಿನಲ್ಲಿ ಇಳಿದದ್ದನ್ನು ಬ್ಯಾಕ್ಟೀರಿಯಾ ತಿನ್ನುತ್ತಿರುವವರೆಗೂ ವಾಸನೆ ಬರುತ್ತದೆ. ಸೆಂಟು ಹೊಡೆದರೆ ಎರಡು ವಾಸನೆ ಆಗುತ್ತದೆ ಅಷ್ಟೇ. ಇಲ್ಲಿ ಎನ್‌ಜೈಮ್ ಕ್ಲೀನರ್ ಬೇಕು. ಅದು ಪ್ರೋಟೀನನ್ನು ಚೂರು ಮಾಡಿ ನೀರಿನಲ್ಲಿ ಹೋಗುವಂತೆ ಮಾಡುತ್ತದೆ. ಆದರೆ ಕಲೆ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಆಳಕ್ಕೆ ಎನ್‌ಜೈಮೂ ಇಳಿಯಬೇಕು. ನೀರು ಕಮ್ಮಿ ಎಂಬ ನಿಯಮವನ್ನು ಮುರಿಯಬೇಕಾದ ಒಂದೇ ಜಾಗ ಇದು. ಹಾಕಿ, ಬಾಟಲಿಯಲ್ಲಿ ಹೇಳಿದಷ್ಟು ಹೊತ್ತು ಹಸಿಯಾಗಿಯೇ ಇಡಿ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದರೆ ಬೇಗ ಆರುವುದಿಲ್ಲ. ಅದರ ಜೊತೆ ಬಿಸಿನೀರು, ಆಲ್ಕೋಹಾಲ್ ಬೇಡ, ಎನ್‌ಜೈಮ್ ಕೆಲಸ ನಿಲ್ಲಿಸಿಬಿಡುತ್ತದೆ. ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ, ರಾತ್ರಿ ಕಳೆದು ವ್ಯಾಕ್ಯೂಮ್ ಮಾಡಿ.

ಎಣ್ಣೆ, ಗ್ರೀಸ್ ಬಿದ್ದರೆ ನೀರು ಮುಟ್ಟಿಸುವ ಮೊದಲು ಅಡುಗೆ ಸೋಡಾ ಅಥವಾ ಕಾರ್ನ್ ಫ್ಲೋರ್ ದಪ್ಪಗೆ ಉದುರಿಸಿ. ಅರ್ಧ ಗಂಟೆಯಲ್ಲಿ ಅದು ಎಣ್ಣೆಯನ್ನು ಹೀರುತ್ತದೆ. ವ್ಯಾಕ್ಯೂಮ್ ಮಾಡಿ, ಆಮೇಲೆ ಉಗುರುಬೆಚ್ಚಗಿನ ಲಿಕ್ವಿಡ್ ನೀರು.

ಇಂಕಿಗೆ ಆಲ್ಕೋಹಾಲನ್ನು ನೇರವಾಗಿ ಸುರಿದರೆ ನೀಲಿ ಕೆರೆಯಾಗುತ್ತದೆ. ಹತ್ತಿಗೆ ಅದ್ದಿ ಮುಟ್ಟಿಸಿ, ಎತ್ತಿ, ಆ ಹತ್ತಿಯನ್ನು ಬಿಸಾಡಿ, ಹೊಸದು ತಗೊಳ್ಳಿ. ಒಂದೇ ಹತ್ತಿಯನ್ನು ಎರಡು ಸಲ ಮುಟ್ಟಿಸಿದರೆ ತೆಗೆದ ಇಂಕನ್ನು ವಾಪಸ್ ಬಳಿದಂತೆ.

ಚೂಯಿಂಗ್ ಗಮ್‌ಗೆ ಪ್ಲಾಸ್ಟಿಕ್ ಚೀಲದಲ್ಲಿ ಐಸ್ ತುಂಬಿ ಮೇಲಿಡಿ. ಕಲ್ಲಿನಂತಾದ ಮೇಲೆ ಮೊಂಡು ಚಾಕುವಿನಿಂದ ಎಬ್ಬಿಸಿ. ಮೇಣವನ್ನೂ ಹೀಗೇ ತೆಗೆದು, ನೂಲಿನಲ್ಲಿ ಉಳಿದದ್ದಕ್ಕೆ ಟಿಶ್ಯೂ ಇಟ್ಟು ಮೇಲಿನಿಂದ ಹೇರ್ ಡ್ರೈಯರ್ ಹಿಡಿಯಿರಿ. ಇಸ್ತ್ರಿಪೆಟ್ಟಿಗೆ ಬೇಡ. ಸೀಟಿನ ನೂಲು ಹೆಚ್ಚಾಗಿ ಪಾಲಿಯೆಸ್ಟರ್ ಅಥವಾ ನೈಲಾನ್, ಜಾಸ್ತಿ ಬಿಸಿಗೆ ಕರಗುತ್ತದೆ.

## ಲೆದರ್ ಮತ್ತು ರೆಕ್ಸಿನ್

ಬಹುತೇಕ ಕಾರುಗಳ ಲೆದರ್ ಸೀಟಿನಲ್ಲಿ ನೀವು ಮುಟ್ಟುತ್ತಿರುವುದು ಚರ್ಮವನ್ನಲ್ಲ, ಅದರ ಮೇಲಿನ ಬಣ್ಣ ಮತ್ತು ತೆಳು ಪ್ಲಾಸ್ಟಿಕ್ ಲೇಪವನ್ನು. ಒಂದು ಹನಿ ನೀರು ಹಾಕಿ ನೋಡಿ. ಹನಿ ಹಾಗೇ ನಿಂತರೆ ಲೇಪವಿದೆ. ಹೀರಿಕೊಂಡು ಜಾಗ ಕಪ್ಪಾದರೆ ಲೇಪವಿಲ್ಲದ ಲೆದರ್. ಅದರ ಮೇಲಿನ ಎಣ್ಣೆ, ಇಂಕಿನ ಕಲೆಯನ್ನು ಲೆದರ್ ಕೆಲಸ ಗೊತ್ತಿರುವವರಿಗೆ ಬಿಡುವುದು ವಾಸಿ.

ಲೇಪವಿರುವ ಲೆದರಿಗೆ ಕ್ರಮ ಸರಳ. ವ್ಯಾಕ್ಯೂಮ್ ಮಾಡಿ, ಲೆದರ್ ಕ್ಲೀನರನ್ನು ಮೆತ್ತನೆ ಬ್ರಷ್ಷಿಗೆ ಹಾಕಿ ಸುತ್ತುಸುತ್ತಾಗಿ ಆಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ. ರಂಧ್ರಗಳಿರುವ ಸೀಟಾದರೆ ದ್ರಾವಣ ತೂತಿನೊಳಗೆ ಹೋಗದಂತೆ ಬಟ್ಟೆಗೆ ಮಾತ್ರ ಹಾಕಿ. ಚರ್ಮ ಸ್ವಭಾವತಃ ಸ್ವಲ್ಪ ಆಮ್ಲೀಯ. ಅಡುಗೆ ಸೋಡಾ, ಬಟ್ಟೆ ಪೌಡರಿನಂಥ ಕ್ಷಾರಗಳು ಅದಕ್ಕೆ ಆಗುವುದಿಲ್ಲ. ಎನ್‌ಜೈಮ್ ಕ್ಲೀನರೂ ಬೇಡ, ಚರ್ಮವೇ ಪ್ರೋಟೀನ್ ಅಲ್ವಾ!

ತಿಳಿ ಬಣ್ಣದ ಸೀಟಿಗೆ ಹತ್ತಿದ ಜೀನ್ಸ್ ನೀಲಿ ಹೊಸದಿದ್ದಾಗ ಲೆದರ್ ಕ್ಲೀನರಿಗೇ ಬಿಡುತ್ತದೆ. ತಿಂಗಳು ಕಳೆದರೆ ಬಣ್ಣ ಲೇಪದೊಳಗೆ ಇಳಿಯುತ್ತದೆ, ಆಮೇಲೆ ಪೂರ್ತಿ ಹೋಗುವುದು ಕಷ್ಟ. ರೆಕ್ಸಿನ್‌ನಲ್ಲೂ ಇದೇ ಕಥೆ. ಬಿಳಿ ಮೆಲಮೈನ್ ಸ್ಪಂಜಿನಿಂದ ಉಜ್ಜಿದರೆ ಮಾಯವಾಗುತ್ತದೆ ಎಂದು ಹೇಳುವವರಿದ್ದಾರೆ. ಮಾಯವಾಗುತ್ತದೆ, ನಿಜ. ಆದರೆ ಆ ಸ್ಪಂಜು ಬಹಳ ನುಣುಪಾದ ಉಪ್ಪುಕಾಗದ ಇದ್ದ ಹಾಗೆ. ಕಲೆಯ ಜೊತೆ ಲೇಪವನ್ನೂ ತೇಯುತ್ತದೆ. ಲೇಪ ತೆಳುವಾದ ಜಾಗಕ್ಕೆ ಮುಂದಿನ ಕಲೆ ಇನ್ನೂ ಬೇಗ ಹತ್ತುತ್ತದೆ.

ಲೆದರಿನ ಮೇಲಿನ ಇಂಕಿಗೆ ಮೊದಲು ಕ್ಲೀನರ್. ಆಗದಿದ್ದರೆ ಇಯರ್ ಬಡ್‌ಗೆ ಸ್ವಲ್ಪವೇ ಆಲ್ಕೋಹಾಲ್ ಹಾಕಿ, ಗೆರೆಯ ಮೇಲೆ ಉರುಳಿಸಿ, ಉಜ್ಜಬೇಡಿ. ಬಡ್‌ಗೆ ಸೀಟಿನ ಬಣ್ಣ ಹತ್ತುವುದು ಕಂಡ ಕ್ಷಣ ನಿಲ್ಲಿಸಿ.

ಅಲ್ಕಾಂತಾರಾದಂಥ, ಮೇಲೆ ಸಣ್ಣ ಕೂದಲಿರುವ ಸ್ವೇಡ್ ಬಗೆಯ ಬಟ್ಟೆ ಲೆದರ್ ಅಲ್ಲ, ಪಾಲಿಯೆಸ್ಟರ್ ಮತ್ತು ಪಾಲಿಯುರೆಥೇನಿನದು. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಿಂದ ಕೂದಲು ಎಬ್ಬಿಸಿ. ಲೆದರ್ ಕ್ರೀಮು ಹಚ್ಚಿದರೆ ಕೂದಲೆಲ್ಲ ಅಂಟಿಕೊಳ್ಳುತ್ತದೆ.

## ಚಾವಣಿ

ಇಲ್ಲಿ ಧೈರ್ಯ ಕಮ್ಮಿ ಇದ್ದಷ್ಟೂ ಒಳ್ಳೆಯದು. ಚಾವಣಿಯ ಬಟ್ಟೆಯ ಹಿಂದೆ ತೆಳು ಫೋಮ್, ಅದರ ಹಿಂದೆ ಒಂದು ಬೋರ್ಡು, ನಡುವೆ ಅಂಟು. ನೀರು ನೆನೆದರೆ ಅಥವಾ ಬಿಸಿ ತಾಗಿದರೆ ಅಂಟು ಬಿಟ್ಟು ಬಟ್ಟೆ ಜೋತು ಬೀಳುತ್ತದೆ. ಕಲೆ ಇದ್ದ ಚಾವಣಿಯನ್ನು ಸಹಿಸಬಹುದು, ತಲೆಗೆ ತಾಗುವ ಚಾವಣಿಯನ್ನು ಸಹಿಸಲು ಆಗುವುದಿಲ್ಲ. ಬ್ರಷ್, ಸ್ಟೀಮ್, ನೇರ ಸ್ಪ್ರೇ ಮೂರೂ ಬೇಡ. ನೊರೆಯನ್ನು ಮೈಕ್ರೋಫೈಬರ್ ಬಟ್ಟೆಗೆ ತೆಗೆದುಕೊಂಡು ಹಗುರವಾಗಿ ಒತ್ತಿ, ಒಂದೇ ದಿಕ್ಕಿನಲ್ಲಿ ಒರೆಸಿ, ಒಣ ಬಟ್ಟೆ ಒತ್ತಿ. ಕಂದು ಉಂಗುರಗಳು ಕಂಡರೆ ಮೊದಲು ನೀರು ಎಲ್ಲಿಂದ ಸೋರುತ್ತಿದೆ ನೋಡಿ. ಸನ್‌ರೂಫಿನ ನೀರು ಹೋಗುವ ಕೊಳವೆ ಕಟ್ಟಿಕೊಂಡಿರಬಹುದು.

## ಡ್ಯಾಶ್‌ಬೋರ್ಡ್, ಬಾಗಿಲು, ಟಚ್‌ಸ್ಕ್ರೀನ್

ಗಟ್ಟಿ ಪ್ಲಾಸ್ಟಿಕ್ಕಿಗೆ ಲಿಕ್ವಿಡ್ ನೀರು ಮತ್ತು ಮೆತ್ತನೆ ಬ್ರಷ್ ಸಾಕು. ಕಪ್ ಹೋಲ್ಡರ್ ತಳದ ಅಂಟಿಗೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ತುರುಕಿಟ್ಟರೆ ತಾನಾಗಿ ಬಿಡುತ್ತದೆ. ನೇಲ್ ಪಾಲಿಶ್ ರಿಮೂವರ್, ಥಿನ್ನರ್ ಮುಟ್ಟಿಸಬೇಡಿ. ರಿಮೂವರಿನಲ್ಲಿ ಹೆಚ್ಚಾಗಿ ಇರುವ ಅಸಿಟೋನ್, ಕಾರಿನೊಳಗೆ ಬಳಸುವ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಸ್ಟಿಕರಿನ ಅಂಟನ್ನು ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಎಣ್ಣೆಯ ಒಂದು ಹನಿಯಿಂದ ಬಿಡಿಸಿ, ಲಿಕ್ವಿಡ್ ನೀರಿನಿಂದ ಒರೆಸಿ.

ಸ್ಟೀರಿಂಗ್ ಫಳಫಳ ಹೊಳೆಯುತ್ತಿದ್ದರೆ ಅದು ಹೊಸತನವಲ್ಲ, ಕೈಯ ಜಿಡ್ಡು. ಶುಚಿಯಾದ ಸ್ಟೀರಿಂಗ್ ಮಂಕಾಗಿಯೇ ಇರುತ್ತದೆ.

ಟಚ್‌ಸ್ಕ್ರೀನ್ ಪರದೆ ಮತ್ತು ಮೀಟರಿನ ಗಾಜಿನಂಥ ಮುಚ್ಚಳಕ್ಕೆ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬೇಡ, ಮೇಲಿನ ಲೇಪ ಹಾಳಾಗುತ್ತದೆ. ಪರದೆ ಆಫ್ ಮಾಡಿ, ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಹೊಳೆಯುವ ಕಪ್ಪು ಪ್ಲಾಸ್ಟಿಕ್ ಇದ್ದಲ್ಲಿ ಮೊದಲು ಮೆತ್ತನೆ ಬ್ರಷ್ಷಿನಿಂದ ಧೂಳು ಹೊಡೆದು ಆಮೇಲೆ ಬಟ್ಟೆ. ಧೂಳಿನ ಮೇಲೆ ಒರೆಸಿದರೆ ಗೀರು ಗ್ಯಾರಂಟಿ.

## ಸೀಟ್ ಬೆಲ್ಟ್

ಇದು ಅಲಂಕಾರದ ವಸ್ತುವಲ್ಲ, ಜೀವ ಹಿಡಿಯುವ ಪಟ್ಟಿ. ಬ್ಲೀಚ್, ಖಡಕ್ ಕೆಮಿಕಲ್, ಬಣ್ಣ ಯಾವುದೂ ತಾಗಬಾರದು, ನೂಲಿನ ಬಲ ಕುಗ್ಗುತ್ತದೆ. ಬೆಲ್ಟನ್ನು ಕೊನೆಯವರೆಗೂ ಎಳೆದು, ಮೇಲ್ಭಾಗದಲ್ಲಿ ಒಂದು ಕ್ಲಿಪ್ ಹಾಕಿ ಒಳಗೆ ಹೋಗದಂತೆ ನಿಲ್ಲಿಸಿ. ಲಿಕ್ವಿಡ್ ನೀರಿನಿಂದ ಮೇಲಿನಿಂದ ಕೆಳಕ್ಕೆ ಬ್ರಷ್ ಮಾಡಿ, ಬರೀ ನೀರಿನಿಂದ ಒರೆಸಿ. ಪೂರ್ತಿ ಒಣಗುವವರೆಗೆ ಕ್ಲಿಪ್ ತೆಗೆಯಬೇಡಿ. ಹಸಿ ಬೆಲ್ಟ್ ಒಳಗೆ ಸುತ್ತಿಕೊಂಡರೆ ಬೂಷ್ಟು ಹಿಡಿಯುತ್ತದೆ. ಮಕ್ಕಳ ಸೀಟಿನ ಬೆಲ್ಟಿಗೆ ಅದರ ಕೈಪಿಡಿ ಹೇಳಿದ್ದನ್ನಷ್ಟೇ ಮಾಡಿ.

## ಒಣಗಿಸುವುದು

ಸೀಟಿನ ಮೇಲ್ಭಾಗ ಒಣಗಿತು ಅಂದರೆ ಫೋಮ್ ಒಣಗಿತು ಅಂತಲ್ಲ. ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹತ್ತು ಸೆಕೆಂಡ್ ಇಡಿ. ತಣ್ಣಗೆ ಅನ್ನಿಸಿದರೆ ಒಳಗೆ ನೀರಿದೆ. ಬಾಗಿಲು ತೆರೆದು ಫ್ಯಾನ್ ಇಡಿ. ಅದು ಆಗದಿದ್ದರೆ ಕಾರು ಓಡಿಸುವಾಗ ಎಸಿ ಹಾಕಿ, ಹೊರಗಿನ ಗಾಳಿ ಬರುವ ಮೋಡಿನಲ್ಲಿಡಿ. ಎಸಿ ತೇವವನ್ನು ಹೀರುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಚಾಲೂ ಇಟ್ಟು ಒಣಗಿಸಲು ಹೋಗಬೇಡಿ. ಇಂಜಿನ್ ಹೊಗೆಯ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಗೊತ್ತಾಗುವ ಮೊದಲೇ ಪ್ರಾಣ ಹೋಗಬಹುದು.

ಬೂಷ್ಟು ಆಗಲೇ ಬಂದಿದ್ದರೆ ಮಾಸ್ಕ್, ಗ್ಲೌಸ್ ಹಾಕಿ. ಒಣ ಬ್ರಷ್ಷಿನಿಂದ ಒಳಗೇ ಕೊಡವಿದರೆ ಅದರ ಬೀಜಕಣ ಕಾರಿನ ತುಂಬ ಹರಡುತ್ತದೆ. ಹೆಪಾ ಫಿಲ್ಟರ್ (ಬಹಳ ಸಣ್ಣ ಕಣವನ್ನೂ ಹಿಡಿಯುವ ಜರಡಿ) ಇರುವ ವ್ಯಾಕ್ಯೂಮಿನಿಂದ ಎಳೆದು, ಲಿಕ್ವಿಡ್ ನೀರಿನಿಂದ ಒರೆಸಿ, ಪೂರ್ತಿ ಒಣಗಿಸಿ. ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಮುಟ್ಟಿ ನೋಡಿ. ಅಲ್ಲಿ ತೇವ ಇದ್ದರೆ ಬಾಗಿಲಿನ ರಬ್ಬರ್ ಅಥವಾ ಎಸಿ ನೀರು ಹೋಗುವ ಪೈಪನ್ನು ಮೆಕ್ಯಾನಿಕ್‌ಗೆ ತೋರಿಸಿ. ಸೋರುವುದು ನಿಲ್ಲದೆ ಬೂಷ್ಟು ನಿಲ್ಲುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಉಳಿಯುವ ಕೆಲವು ಗುರುತುಗಳು ಕಲೆಯೇ ಅಲ್ಲ. ಬಿಸಿಲಿಗೆ ಮಾಸಿದ ಬಣ್ಣ, ಬ್ಲೀಚಿಗೆ ಬಿಳಿಚಿದ ನೂಲು, ಸಿಗರೇಟಿಗೆ ಸುಟ್ಟ ತೂತು, ಸ್ಯಾನಿಟೈಸರ್ ತಾಗಿ ಲೇಪ ಎದ್ದ ರೆಕ್ಸಿನ್. ಇಲ್ಲಿ ತೆಗೆಯಲು ಏನೂ ಉಳಿದಿಲ್ಲ, ವಸ್ತುವೇ ಬದಲಾಗಿದೆ. ಒದ್ದೆ ಬಿಳಿ ಬಟ್ಟೆ ಒತ್ತಿದಾಗ ಏನೂ ಹತ್ತದಿದ್ದರೆ, ಎರಡು ಸುತ್ತಿನ ನಂತರವೂ ಗುರುತು ಒಂದಿಷ್ಟೂ ತಿಳಿಯಾಗದಿದ್ದರೆ, ಬ್ರಷ್ ಕೆಳಗಿಟ್ಟು ಸೀಟ್ ಹೊಲಿಯುವವರನ್ನು ಕೇಳಿ. ಒಂದು ಪಟ್ಟಿಯನ್ನಷ್ಟೇ ಬದಲಿಸಲು ಹೆಚ್ಚಿನ ಸೀಟುಗಳಲ್ಲಿ ಸಾಧ್ಯವಿದೆ.